ಹಾಕಿಕೊಂಡವರ ಎಡ

ನಮ್ಮತ್ತಿಗೆಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ನಾನೇ ಹೆದರುತ್ತಿದ್ದೆ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳಿಗೆ ಹತ್ತೊಂಬತ್ತು, ನನಗೆ ಹದಿನೇಳು. ಆ ಎರಡು ವರ್ಷಕ್ಕೆಲ್ಲ ಬಹುವಚನ ಕೊಡುವುದಕ್ಕಾಗಲ್ಲ ಎಂದು ಅವತ್ತೇ ಹೇಳಿಬಿಟ್ಟಿದ್ದೆ. ಅಣ್ಣ ತೀರಿಕೊಂಡು ಆರು ವರ್ಷವಾಯಿತು. ನಾನು ಮದುವೆಯಾಗಲಿಲ್ಲ, ಅದು ಬೇರೆ ಕಥೆ, ಕೇಳಿದವರಿಗೆಲ್ಲ ಹೇಳುವಂಥದ್ದಲ್ಲ. ಎರಡು ಕೋಣೆಯ ಮನೆಯಲ್ಲಿ ಈಗ ನಾವಿಬ್ಬರೇ. ಬೆಳಿಗ್ಗೆ ಒಂದೇ ಬಸ್ಸು ಹತ್ತಿ ಒಂದೇ ಅಂಗಡಿಗೆ ಕೆಲಸಕ್ಕೆ ಹೋಗುತ್ತೇವೆ.

ಅದು ಹಳೇ ಕಾಲದ ಉಡುಪುಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ನಾಟಕದವರು, ಸಿನಿಮಾದವರು, ಫೋಟೋ ತೆಗೆಸಿಕೊಳ್ಳುವ ಹುಚ್ಚಿನವರು ಬರುತ್ತಾರೆ. ಅರವತ್ತು, ಎಂಬತ್ತು ವರ್ಷದ ಹಿಂದಿನ ಕೋಟು, ಗೌನು, ಟೋಪಿ, ಕೈಗವಸು ಎಲ್ಲ ಸಿಗುತ್ತವೆ. ನಾನು ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತೇನೆ. ಅತ್ತಿಗೆಯದು ರಫೂ ಕೆಲಸ. ಹರಿದ ಬಟ್ಟೆಯನ್ನು ಹರಿದೇ ಇರಲಿಲ್ಲ ಅನ್ನುವ ಹಾಗೆ ಸೂಜಿಯಿಂದ ಕೂಡಿಸುವುದು. ಬೀದಿ ಕಡೆಯ ದೊಡ್ಡ ಕಿಟಕಿಯ ಪಕ್ಕದ ಕುರ್ಚಿ ಇಪ್ಪತ್ತಾರು ವರ್ಷದಿಂದ ಅವಳದು. ಮನೆಗಿಂತ ಆ ಕುರ್ಚಿಯಲ್ಲೇ ಅವಳು ಹೆಚ್ಚು ಹೊತ್ತು ಬದುಕಿದ್ದಾಳೆ.

ಹೋದ ವರ್ಷ ಒಂದು ದಿನ ತಿಂಡಿ ತಿನ್ನುತ್ತಾ ಅತ್ತಿಗೆ ನನ್ನನ್ನೇ ನೋಡಿ, "ಏನೇ, ನಿನ್ನ ಕಿವಿ ಎರಡೂ ಚೆನ್ನಾಗಿ ಕಾಣುತ್ತೆ, ಮೂಗು ಮಾತ್ರ ಇಲ್ಲ" ಅಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ಹಿಂದೆ ಏನೋ ಸವೆಯುತ್ತಿದೆ, ನೋಟದ ನಟ್ಟನಡುವೆ ಮಸುಕಾಗುತ್ತದೆ, ಸುತ್ತಲಿನದು ಕಾಣುತ್ತದೆ, ಕನ್ನಡಕದಿಂದ ಸರಿಹೋಗುವುದಲ್ಲ ಎಂದು ಅವರು ಹೇಳಿದರು. ನಾನು ಅದನ್ನೇ ಎರಡು ಸಲ ಕೇಳಿದೆ. ಅತ್ತಿಗೆ ಮೆಟ್ಟಿಲು ಇಳಿಯುತ್ತಾ, "ಹೋಗಲಿ ಬಿಡು, ನೀನು ಎಲ್ಲದಕ್ಕೂ ಮೂಗು ತೂರಿಸ್ತಿದ್ದೆ. ಇನ್ನು ಮೇಲೆ ಆ ಕಾಟ ಇಲ್ಲ" ಅಂದಳು. ಹೆದರಿಕೆ ಇರಲಿಲ್ಲ ಎಂದೆನಲ್ಲ, ಅದು ಹೀಗೆ.

ಅಂದಿನಿಂದ ನಮ್ಮ ಕಳ್ಳ ಕೆಲಸ ಶುರುವಾಯಿತು. ಅಂಗಡಿಯಲ್ಲಿ ಬೇರೆಯವರು ಬರುವ ಮೊದಲೇ ನಾನು ಒಂದು ದಿನಕ್ಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ, ಬಣ್ಣದ ಸಾಲಿನಂತೆ ಅವಳ ಸೂಜಿದಿಂಬಿಗೆ ಚುಚ್ಚಿಡುತ್ತಿದ್ದೆ. ಉಳಿದದ್ದನ್ನು ಅವಳ ಬೆರಳು ನೋಡಿಕೊಳ್ಳುತ್ತಿತ್ತು. ಹೆಬ್ಬೆರಳಿನ ಉಗುರಿನಿಂದ ಅಳತೆ ಹಿಡಿದು ಹೊಲಿಗೆ ಹಾಕುತ್ತಾಳೆ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ. ತಲೆಯನ್ನು ಮಾತ್ರ ಬಟ್ಟೆಯ ಮೇಲೆ ಬಗ್ಗಿಸಿಕೊಂಡೇ ಇರುತ್ತಿದ್ದಳು, ನೋಡುವವರಿಗೆ ನೋಡುತ್ತಿದ್ದಾಳೆ ಅನ್ನಿಸಬೇಕಲ್ಲ.

ಹಳೇ ಯಜಮಾನರಿದ್ದಿದ್ದರೆ ಅವರಿಗೇ ಹೇಳಿಬಿಡಬಹುದಿತ್ತು. ಈಗ ಅಂಗಡಿ ಅವರ ಸೊಸೆಯ ಕೈಯಲ್ಲಿದೆ. ಆಕೆ ಕೊರಳಿಗೆ ಸರಪಳಿಯಲ್ಲಿ ಒಂದು ಭೂತಗನ್ನಡಿ ನೇತುಹಾಕಿಕೊಂಡು ಓಡಾಡುತ್ತಾರೆ. ಹಿಂದಕ್ಕೆ ಬಂದ ಪ್ರತಿ ಬಟ್ಟೆಯ ಪ್ರತಿ ಹೊಲಿಗೆಯನ್ನು ಅದರಲ್ಲಿ ಇಣುಕಿ ನೋಡುತ್ತಾರೆ. ನಾವು ಆಕೆಗೆ ಇಟ್ಟ ಹೆಸರೇ ಭೂತಗನ್ನಡಿ. ಒಂದು ಸಲ ಬೂದು ಬಣ್ಣದ ಕೋಟಿನ ಮೊಣಕೈಗೆ ಅತ್ತಿಗೆ ಕಂದು ದಾರ ಹಾಕಿಬಿಟ್ಟಿದ್ದಳು. ಭೂತಗನ್ನಡಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ಈ ಕುರ್ಚಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದು ಮೆಲ್ಲಗೆ ಹೇಳಿ ಹೋದರು. ಅವತ್ತಿನಿಂದ ಆ ಸರಪಳಿ ಗುಂಡಿಗೆ ತಗುಲುವ ಟಿಕ್ ಟಿಕ್ ಸದ್ದು ಕೇಳಿದರೆ ಸಾಕು, ನಾನು ಇಸ್ತ್ರಿ ಬಿಟ್ಟು ಬಾಗಿಲಲ್ಲಿ ಇಣುಕುತ್ತಿದ್ದೆ.

ಹೀಗಿರುವಾಗ ಆ ಪಾರ್ಟಿ ಬಂತು. ನಗರದ ನಡುವಿನ ದೊಡ್ಡ ಹೋಟೆಲಿಗೆ ನೂರು ವರ್ಷವಂತೆ, ಅದಕ್ಕೆ ವಿಂಟೇಜ್ ಕಾಕ್‌ಟೇಲ್ ಗಾಲಾ ಅಂತೆ. ವಿಂಟೇಜ್ ಅಂದರೆ ಹಳೇದು ಅಂತ ಅರ್ಥ, ನಾನೇನು ಅಷ್ಟು ಪೆದ್ದಿಯಲ್ಲ. ಬಂದವರೆಲ್ಲ ಎಂಬತ್ತು ವರ್ಷದ ಹಿಂದಿನ ಬಟ್ಟೆ ತೊಟ್ಟು, ಉದ್ದ ಕಾಲಿನ ಗ್ಲಾಸು ಹಿಡಿದು ಓಡಾಡಬೇಕು. ನಮ್ಮ ಅಂಗಡಿಯಿಂದಲೇ ನಲವತ್ತೊಂದು ಜೊತೆ ಹೋಯಿತು. ಒಂದು ವಾರ ನಾನು ಇಸ್ತ್ರಿಪೆಟ್ಟಿಗೆ ಬಿಟ್ಟು ಕೂತಿಲ್ಲ.

ಹಳೇ ರೇಷ್ಮೆಯ ಬುದ್ಧಿ ನಮಗೆ ಗೊತ್ತು. ಮಡಿಕೆಯಲ್ಲಿರುವವರೆಗೆ ಸುಮ್ಮನಿರುತ್ತದೆ, ಮೈಮೇಲೆ ಹಾಕಿಕೊಂಡು ಕೈ ಎತ್ತಿದರೆ ಸರ್ರನೆ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಭೂತಗನ್ನಡಿ ಅತ್ತಿಗೆಯ ಹತ್ತಿರ ಬಂದು, "ನೀವೂ ಬರ್ಬೇಕು. ಕೆಲಸದವರ ಹಾಗಲ್ಲ, ಅತಿಥಿಗಳ ಹಾಗೆ. ನಮ್ಮ ಬಟ್ಟೇನೇ ಹಾಕ್ಕೊಳ್ಳಿ, ಕೈಯಲ್ಲೊಂದು ಗ್ಲಾಸ್ ಇರಲಿ. ಎಲ್ಲಾದ್ರೂ ಬಿಟ್ಕೊಂಡ್ರೆ ಅಲ್ಲೇ ಹೊಲಿಗೆ ಹಾಕಿಕೊಡಿ" ಅಂದರು.

"ಆಗಲಿ ಮೇಡಂ. ನಮ್ಮ ನಾದಿನೀನೂ ಬರ್ತಾಳೆ, ಗ್ಲಾಸ್ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ" ಅಂದಳು ಅತ್ತಿಗೆ.

ಆಕೆ ಹೋದ ಮೇಲೆ ನಾನು ಅತ್ತಿಗೆಯ ಮೇಲೆ ಹಾರಿಬಿದ್ದೆ. "ನಿನಗೆ ತಲೆ ನೆಟ್ಟಗಿದೆಯಾ? ಆಗಲ್ಲ ಅನ್ನೋಕೆ ಏನಾಗಿತ್ತು?"

"ಆಗಲ್ಲ ಅಂದ್ರೆ ಯಾಕೆ ಅಂತಾರೆ. ಯಾಕೆ ಅಂದ್ರೆ ಏನು ಹೇಳ್ತೀಯ?" ಅಂದಳು. "ಐದು ಗಂಟೆಗೆ ಶುರು. ಬೇಸಿಗೆ ಬೇರೆ, ಏಳರವರೆಗೂ ಬೆಳಕಿರುತ್ತೆ. ಕಿಟಕಿ ಪಕ್ಕ ನಿಂತ್ಕೊಂಡ್ರೆ ಆಯ್ತು."

ಪಾರ್ಟಿಗೆಂದು ಭೂತಗನ್ನಡಿ ಅತ್ತಿಗೆಗೆ ಕೊಟ್ಟ ಕೋಟಿಗೆ ಎದೆಯ ಮೇಲೆ ಎರಡೂ ಕಡೆ ಅಂಗೈ ಅಗಲದ ಮಡಿಕೆ ಕಾಲರ್ ಇತ್ತು. ಅದರ ಒಳಮೈಗೆ ಸೂಜಿ ಚುಚ್ಚಿಟ್ಟುಕೊಂಡರೆ ಯಾರಿಗೂ ಕಾಣುವುದಿಲ್ಲ ಎಂದು ಅತ್ತಿಗೆ ಉಪಾಯ ಮಾಡಿದಳು. "ಎಡದಿಂದ ಬಲಕ್ಕೆ ಹೋಗು. ಮೊದಲು ಕಪ್ಪು, ಆಮೇಲೆ ನೀಲಿ, ಹಸಿರು, ಅತ್ಲಾಗೆ ಕಂದು, ಕೆಂಪು, ಕೊನೇಲಿ ಬಿಳಿ. ಒಂದೊಂದಕ್ಕೂ ಮೂರು ಮೂರು" ಎಂದು ಹೇಳಿ ಜಡೆ ಹಾಕಿಕೊಳ್ಳಲು ಹೋದಳು. ಕೋಟು ನನ್ನೆದುರು ಗೋಡೆಯ ಹ್ಯಾಂಗರಿನಲ್ಲಿತ್ತು. ಹದಿನೆಂಟು ಸೂಜಿಗೆ ದಾರ ಪೋಣಿಸಿ, ಎಡದಿಂದ ಬಲಕ್ಕೆ ಸಾಲಾಗಿ ಚುಚ್ಚಿದೆ. ಎರಡು ಸಲ ಎಣಿಸಿ ನೋಡಿದೆ. ನಾನು ಹಾಗೆ ಅಚ್ಚುಕಟ್ಟು.

ಹೋಟೆಲಿನ ಬಾಗಿಲಲ್ಲೇ ನಾನು ನಿಂತುಬಿಟ್ಟೆ. ಹೊರಗೆ ಬಿಸಿಲು ಚೆನ್ನಾಗಿಯೇ ಇತ್ತು. ಒಳಗೆ ಕಾಲಿಟ್ಟರೆ ಕತ್ತಲೆ. ಪುಣ್ಯಾತ್ಮರು ಹಳೇ ಕಾಲ ಬರಲೆಂದು ಎಲ್ಲ ಕಿಟಕಿಗೂ ದಪ್ಪ ಪರದೆ ಎಳೆದು, ವಿದ್ಯುದ್ದೀಪ ಆರಿಸಿ, ಮೇಜು ಮೇಜಿಗೂ ಒಂದೊಂದು ಲಾಟೀನು ಇಟ್ಟಿದ್ದರು. ಕಣ್ಣು ನೆಟ್ಟಗಿದ್ದವರಿಗೇ ಹೊಂದಿಕೊಳ್ಳಲು ಹೊತ್ತು ಹಿಡಿಯುವಂಥ ಜಾಗ.

"ಕಿಟಕಿ ಯಾವ ಕಡೆ ಇದೆಯೇ?" ಅಂದಳು ಅತ್ತಿಗೆ.

"ಎಲ್ಲಾ ಮುಚ್ಚಿದ್ದಾರೆ."

ಅವಳು ನನ್ನ ತೋಳು ಹಿಡಿದುಕೊಂಡಳು, ಅಷ್ಟೇ. ಗಟ್ಟಿಯಾಗಿಯೂ ಹಿಡಿಯಲಿಲ್ಲ. ಮನೆಗೆ ಹೋಗೋಣ, ಹೊಟ್ಟೆನೋವು ಅಂದುಬಿಡೋಣ ಎಂದು ಪಿಸುಗುಟ್ಟಿದೆ. "ಇಬ್ಬರಿಗೂ ಒಟ್ಟಿಗೇ ಬಂತಾ?" ಅಂದಳು.

ಹಜಾರದ ಬಾಗಿಲಲ್ಲಿ ಟೋಪಿ ಹಾಕಿಕೊಂಡ ಒಬ್ಬರಿಗೆ ಅತ್ತಿಗೆಯ ಭುಜ ತಗುಲಿತು. "ಕ್ಷಮಿಸಿ, ಕಾಣಿಸಲಿಲ್ಲ" ಎಂದು ತಲೆ ಬಗ್ಗಿಸಿದಳು. ನೋಡಿದರೆ ಅದು ಬಟ್ಟೆ ತೊಡಿಸಿ ನಿಲ್ಲಿಸಿದ ಗೊಂಬೆ. ನನಗೆ ನಗು ಉಕ್ಕಿ ಬಂತು, ಅರ್ಧಕ್ಕೇ ನುಂಗಿಕೊಂಡೆ. ನಾಲ್ಕು ಹೆಜ್ಜೆ ಆಚೆ ಭೂತಗನ್ನಡಿ ನಿಂತಿದ್ದರು. ಅವರು ನಮ್ಮ ಕಡೆಗೇ ನೋಡುತ್ತಿದ್ದರೋ, ನಮ್ಮ ಹಿಂದಿನವರನ್ನು ನೋಡುತ್ತಿದ್ದರೋ ಆ ಬೆಳಕಿನಲ್ಲಿ ತಿಳಿಯಲಿಲ್ಲ. ನಾನು ಹಲ್ಲು ಕಿರಿದೆ. ಅವರೂ ತಲೆಯಾಡಿಸಿದರು.

ಅವರು ತೊಟ್ಟಿದ್ದು ಅಂಗಡಿಯಲ್ಲೇ ಅತಿ ಹಳೆಯದಾದ ಕಪ್ಪು ರೇಷ್ಮೆ ಗೌನು. ಅವರ ಅತ್ತೆಯದು, ಬಾಡಿಗೆಗೆ ಯಾವತ್ತೂ ಕೊಟ್ಟದ್ದಲ್ಲ. ಊಟಕ್ಕೆ ಮೊದಲು ವೇದಿಕೆ ಹತ್ತಿ ಹಳೇ ಬಟ್ಟೆಗಳ ಬಗ್ಗೆ ನಾಲ್ಕು ಮಾತಾಡಬೇಕಿತ್ತಂತೆ. ಯಾರೋ ನಮ್ಮ ಕೈಗೆ ಗ್ಲಾಸು ಕೊಟ್ಟು ಹೋದರು. ಅದರಲ್ಲಿ ಒಂದು ಗುಟುಕು ಇದೆಯೋ ಇಲ್ಲವೋ, ಮೇಲೊಂದು ಹಣ್ಣಿನ ಚೂರು. ಅದು ಚೆಲ್ಲಿದರೆ ಯಾವ ಗೌನು ಹಾಳಾಗುತ್ತದೋ ಎಂದು ನಾನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಅಂಟಿಕೊಂಡೆ. ಒಂದು ಗಂಟೆ ಏನೂ ಆಗಲಿಲ್ಲ. ಸಂಗೀತ ಬಾರಿಸುತ್ತಿದ್ದರು, ಜನ ನಗುತ್ತಿದ್ದರು. ಇನ್ನೇನು ಪಾರಾದೆವು ಅಂದುಕೊಳ್ಳುತ್ತಿದ್ದೆ.

ಅತ್ತಿಗೆ ತಟ್ಟನೆ ತಲೆ ಎತ್ತಿದಳು. "ಬಿಟ್ಕೊಳ್ತು. ನಾಲ್ಕು ಬೆರಳಗಲ" ಅಂದಳು. ಆ ಗದ್ದಲದಲ್ಲಿ ಅವಳಿಗೆ ಅದು ಹೇಗೆ ಕೇಳಿಸಿತೋ ನಾನರಿಯೆ. ನೋಡಿದರೆ ಭೂತಗನ್ನಡಿ ಯಾರಿಗೋ ಕೈಬೀಸಲು ತೋಳೆತ್ತಿದವರು ಹಾಗೇ ನಿಂತುಬಿಟ್ಟಿದ್ದರು. ಆಮೇಲೆ ಬೆನ್ನನ್ನು ಗೋಡೆಗೆ ಕೊಟ್ಟುಕೊಂಡು ಮೆಲ್ಲಗೆ ನಮ್ಮ ಬಳಿಗೆ ಸರಿದು ಬಂದರು.

"ಹಿಂದೆ, ಭುಜದ ಕೆಳಗೆ. ಐದು ನಿಮಿಷದಲ್ಲಿ ನನ್ನ ಹೆಸರು ಕರೀತಾರೆ" ಅಂದರು. ಆಕೆಯ ದನಿಯೂ ನಡುಗುತ್ತಿತ್ತು. ಆಕೆಗೂ ನಡುಗಲು ಬರುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

ಕೋಟುಗಳನ್ನು ತೂಗುಹಾಕುವ ಸಣ್ಣ ಕೋಣೆಗೆ ನುಗ್ಗಿದೆವು. ಅಲ್ಲಿಯೂ ಒಂದು ಲಾಟೀನು. ಅದನ್ನು ನಾನು ಎತ್ತಿ ಹಿಡಿದೆ. ಭೂತಗನ್ನಡಿ ಗೋಡೆಗೆ ಮುಖ ಮಾಡಿ ನಿಂತರು. ಅತ್ತಿಗೆ ಹರಿದ ಅಂಚುಗಳನ್ನು ಬೆರಳಲ್ಲಿ ಒಮ್ಮೆ ಸವರಿ ಜೋಡಿಸಿಕೊಂಡಳು. ಆಮೇಲೆ ತನ್ನ ಎಡಗಡೆ ಕಾಲರಿನ ಕೊಟ್ಟಕೊನೆಯಿಂದ ಒಂದು ಸೂಜಿ ಕಿತ್ತಳು.

ಎರಡು ಹೊಲಿಗೆ ಆದ ಮೇಲೆ ನಾನು ನೋಡಿದೆ. ಕಪ್ಪು ರೇಷ್ಮೆಯ ಮೇಲೆ ಬಿಳೀ ದಾರ.

ಕ್ಷಣದಲ್ಲಿ ಎಲ್ಲ ಹೊಳೆಯಿತು. ಹೊಲಿಯುವವರ ಮಾತಿನಲ್ಲಿ ಎಡ ಅಂದರೆ ಯಾವಾಗಲೂ ಹಾಕಿಕೊಂಡವರ ಎಡ. ಎಡತೋಳು ತಾ ಅಂದರೆ ಹಾಕಿಕೊಂಡವರ ಎಡತೋಳು, ಬಟ್ಟೆ ಮೇಜಿನ ಮೇಲೆ ಹೇಗಾದರೂ ಬಿದ್ದಿರಲಿ. ಇಸ್ತ್ರಿಯವರಿಗೆ ಹಾಗಿಲ್ಲ. ಬಟ್ಟೆ ನಮ್ಮೆದುರು ಮಲಗಿರುತ್ತದೆ, ನಮ್ಮ ಎಡವೇ ಅದರ ಎಡ. ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿಯೂ ನನ್ನ ಮರದ ತಲೆಗೆ ಇದು ಹತ್ತಲಿಲ್ಲ. ಎದುರಿನಲ್ಲಿ ತೂಗುತ್ತಿದ್ದ ಕೋಟಿಗೆ ನನ್ನ ಎಡದಿಂದ ಚುಚ್ಚಿದ್ದೆ. ಮೈಮೇಲೆ ಬಂದಾಗ ಸಾಲು ಪೂರ್ತಿ ತಿರುಗುಮುರುಗಾಗಿತ್ತು.

ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಆಕೆಗೆ ಕೇಳುತ್ತದೆ. ಕಪ್ಪಿಗೂ ಬಿಳುಪಿಗೂ ವ್ಯತ್ಯಾಸ ಕಾಣದವಳು ರಫೂ ಮಾಡುತ್ತಿದ್ದಾಳೆ ಎಂದು ಅಲ್ಲೇ ಬಯಲಾಗುತ್ತದೆ, ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಇನ್ನೂರು ಜನರೆದುರು ಆಕೆಯ ಬೆನ್ನ ಮೇಲೆ ಬಿಳೀ ಗೆರೆ ಹೊಳೆಯುತ್ತದೆ, ಆಗಲೂ ಕುರ್ಚಿ ಹೋಗುತ್ತದೆ. ಅತ್ತಿಗೆಯ ಕೈ ನಿಲ್ಲಲಿಲ್ಲ. ಗೋಡೆಯ ಕಡೆ ನೋಡುತ್ತಾ, ಉಗುರಿನಲ್ಲಿ ಅಳತೆ ಹಿಡಿಯುತ್ತಾ, ಒಂದಾದ ಮೇಲೊಂದು ಹಾಕುತ್ತಲೇ ಇದ್ದಳು. ಹತ್ತು, ಹನ್ನೆರಡು, ಹದಿನಾಲ್ಕು. ಗಂಟು ಹಾಕಿ ದಾರ ಕಚ್ಚಿ ತುಂಡು ಮಾಡಿದಳು.

"ಆಯ್ತಾ?" ಅಂದರು ಭೂತಗನ್ನಡಿ.

ಹೊರಗೆ ಆಕೆಯ ಹೆಸರು ಕೂಗಿದರು. ನನ್ನ ಕಣ್ಣು ಲಾಟೀನಿನ ಗಾಜಿನ ಮೇಲೆ ಬಿತ್ತು. ಮೇಲ್ಭಾಗದಲ್ಲಿ ಮಸಿ ದಪ್ಪಗೆ ಕಟ್ಟಿತ್ತು. "ಒಂದ್ನಿಮಿಷ ಮೇಡಂ, ಸುಕ್ಕಾಗಿದೆ, ಬೆರಳಲ್ಲೇ ಒತ್ತಿಬಿಡ್ತೀನಿ" ಎಂದು ಹೆಬ್ಬೆರಳನ್ನು ಆ ಸುಡುವ ಗಾಜಿಗೆ ಒತ್ತಿ ಮಸಿ ತೆಗೆದೆ. ಚುರ್ರೆಂದಿತು. ಹಲ್ಲು ಕಚ್ಚಿಕೊಂಡು ಹೊಲಿಗೆಯುದ್ದಕ್ಕೂ ತೀಡಿದೆ, ಮತ್ತೆ ತೆಗೆದು ಮತ್ತೆ ತೀಡಿದೆ. ಬಿಳಿ ಮುಚ್ಚಿತು. ಆಕೆ ಹೋದರು. ವೇದಿಕೆಯ ಮೇಲೆ ಆಕೆ ಏನು ಮಾತಾಡಿದರೋ ಒಂದಕ್ಷರ ನನ್ನ ಕಿವಿಗೆ ಬೀಳಲಿಲ್ಲ. ಬೆನ್ನು ಮಾತ್ರ ನೋಡುತ್ತಿದ್ದೆ. ಕಪ್ಪಗೇ ಇತ್ತು. ಚಪ್ಪಾಳೆ ಬಿದ್ದಾಗ ನಾನೂ ಸುಟ್ಟ ಬೆರಳು ಮಡಿಚಿಕೊಂಡು ತಟ್ಟಿದೆ.

ಅತ್ತಿಗೆ ಹಿಗ್ಗಿಹೋಗಿದ್ದಳು. ಯಾರೋ ಕೊಟ್ಟ ಇನ್ನೊಂದು ಗ್ಲಾಸು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದು ಮುಖ ಹಿಂಡಿ, "ಕಷಾಯ ಇದ್ದ ಹಾಗಿದೆ. ನೋಡಿದೆಯಾ, ಕತ್ತಲಲ್ಲೂ ಹಾಕಿದೆ. ಇನ್ನೂ ಹತ್ತು ವರ್ಷ ನನ್ನನ್ನ ಯಾರೂ ಅಲ್ಲಾಡ್ಸೋಕಾಗಲ್ಲ" ಅಂದಳು. ಸುಟ್ಟ ಹೆಬ್ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೂಂ ಅಂದೆ. ಬಸ್ಸಿನಲ್ಲಿ ಅವಳು ಮಾತಾಡುತ್ತಲೇ ಇದ್ದಳು. ನನಗೆ ಹೇಳುವ ಧೈರ್ಯ ಬರಲಿಲ್ಲ. ಬೆಳಿಗ್ಗೆ ಬೇಗ ಹೋಗಿ, ಆ ಹೊಲಿಗೆ ಬಿಚ್ಚಿಸಿ ಕಪ್ಪು ದಾರದಲ್ಲಿ ಹಾಕಿಸಿಬಿಡುತ್ತೇನೆ, ಅಷ್ಟರಲ್ಲಿ ಆಕೆ ನೋಡದಿದ್ದರೆ ಸಾಕು ಎಂದು ಲೆಕ್ಕ ಹಾಕಿಕೊಂಡೆ.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಆಕೆ ಬಂದಾಗಿತ್ತು. ಅತ್ತಿಗೆಯ ಕಿಟಕಿಯ ಬಳಿಯೇ ನಿಂತಿದ್ದರು. ಮೇಜಿನ ಮೇಲೆ ಗೌನು ಮಗುಚಿ ಹರಡಿತ್ತು, ಕೈಯಲ್ಲಿ ಭೂತಗನ್ನಡಿ. ಆ ಬಿಸಿಲಿನಲ್ಲಿ ನನಗೆ ದೂರದಿಂದಲೇ ಕಂಡಿತು: ಮಸಿ ಅರ್ಧ ಉಜ್ಜಿಹೋಗಿ ಹದಿನಾಲ್ಕು ಹೊಲಿಗೆಯೂ ಬೂದು ಬೂದಾಗಿ ಎದ್ದು ಕಾಣುತ್ತಿದ್ದವು.

"ದಾರ ಬಿಳೀದು. ಮೇಲೆ ಮಸಿ ಬಳಿದಿದೆ" ಅಂದರು ಆಕೆ. "ರಾತ್ರಿಯೆಲ್ಲ ಯೋಚನೆ ಮಾಡ್ದೆ. ಮಸಿ ಬಳಿದವರಿಗೆ ಅದು ಬಿಳೀ ಅಂತ ಕಂಡಿದೆ. ಹೊಲಿದವರಿಗೆ ಕಂಡಿಲ್ಲ. ಕಂಡಿದ್ರೆ ಹೊಲೀತಿರಲಿಲ್ಲ."

ಅವಳನ್ನು ಉಳಿಸಲು ನಾನು ಬಳಿದ ಮಸಿಯೇ ಅವಳ ಗುಟ್ಟನ್ನು ಬರೆದಿಟ್ಟಿತ್ತು. "ತಪ್ಪು ನಂದು ಮೇಡಂ, ಸೂಜಿ ಚುಚ್ಚುವಾಗ ನಾನು ಎಡ ಬಲ ಅದಲುಬದಲು ಮಾಡ್ದೆ" ಅಂದೆ.

"ಅವರ ಸೂಜಿಗೆ ದಾರ ನೀವ್ಯಾಕೆ ಪೋಣಿಸಿದ್ರಿ?"

ಅತ್ತಿಗೆ ಮೇಜಿನ ಬಳಿ ಹೋಗಿ ಗೌನಿನ ಬೆನ್ನನ್ನು ಮುಟ್ಟಿ ಹೊಲಿಗೆ ಹುಡುಕಿದಳು. ಬೆರಳು ಮೂಗಿನ ಬಳಿ ಹಿಡಿದು ಮಸಿಯ ವಾಸನೆ ನೋಡಿದಳು. "ನನಗೆ ಕಾಣಲ್ಲ ಮೇಡಂ. ಒಂದು ವರ್ಷ ಆಯ್ತು" ಅಂದಳು.

ಭೂತಗನ್ನಡಿ ಮತ್ತೆ ಬಗ್ಗಿ ಗಾಜಿನಲ್ಲಿ ಹೊಲಿಗೆ ನೋಡಿದರು, ಈ ತುದಿಯಿಂದ ಆ ತುದಿಯವರೆಗೆ. "ಹೊಲಿಗೇಲಿ ಒಂದು ತಪ್ಪೂ ಇಲ್ಲ" ಅಂದರು. ಆಮೇಲೆ, "ಬಣ್ಣದ ಕೆಲಸ ಇನ್ನು ಕೊಡೋಕಾಗಲ್ಲ. ಒಳಗಿನ ಅಂಚು, ಹುಕ್ಕು, ಗುಂಡಿ ಮಾಡಿ. ಅದಕ್ಕೆ ಬೆಳಕು ಬೇಡ. ಕಿಟಕಿ ಬಿಟ್ಟುಕೊಡಿ" ಅಂದು, ಆ ಭೂತಗನ್ನಡಿಯನ್ನು ಅಂಗಿಯೊಳಕ್ಕೆ ಹಾಕಿಕೊಂಡು ಹೋದರು. ಆಕೆಯನ್ನು ಬೈಯಬೇಕೆಂದು ಎಷ್ಟು ಯತ್ನಿಸಿದರೂ ನನಗೆ ಬೈಗುಳ ಸಿಗಲಿಲ್ಲ.

ಕುರ್ಚಿಯನ್ನು ಅತ್ತಿಗೆಯೇ ಎತ್ತಿಕೊಂಡು ನನ್ನ ಇಸ್ತ್ರಿ ಮೇಜಿನ ಪಕ್ಕಕ್ಕೆ ತಂದಿಟ್ಟುಕೊಂಡಳು. ಮೊದಲ ಹುಕ್ಕು ಹಾಕಿ ಮುಗಿಸಿ ಕೇಳಿದಳು: "ಬಿಳೀ ಅಂತ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ರಾತ್ರಿ ಬಸ್ಸಲ್ಲಿ ಅಷ್ಟೊಂದು ಕೊಚ್ಕೊಂಡೆ. ಆಗಲಾದ್ರೂ ಹೇಳಬಾರದಿತ್ತಾ?" ಅಂದಳು. ನಾನು ಅತ್ತುಬಿಟ್ಟೆ. ಅವಳು ನನ್ನ ಹೆಬ್ಬೆರಳ ಬೊಬ್ಬೆಯನ್ನು ಬೆರಳಲ್ಲಿ ತಡವಿ, ಬಾಯಿಂದ ಗಾಳಿ ಊದಿದಳು.

ಈಗ ನಾಲ್ಕು ತಿಂಗಳಾಯಿತು. ಬೆಳಿಗ್ಗೆ ನಾನು ಹುಕ್ಕಿನ ಡಬ್ಬಿಗಳನ್ನು ಜೋಡಿಸಿ, "ದೊಡ್ಡದು ಎಡಕ್ಕಿದೆ" ಅನ್ನುತ್ತೇನೆ. "ಯಾರ ಎಡ?" ಅನ್ನುತ್ತಾಳೆ. "ಹಾಕಿಕೊಂಡವರ ಎಡ" ಅನ್ನುತ್ತೇನೆ. ಹುಕ್ಕನ್ನು ಯಾರು ಹಾಕಿಕೊಳ್ಳುತ್ತಾರೆ ಎಂದು ಅವಳು ನಗುತ್ತಾಳೆ. ಮನೆ ಬಿಡುವ ಮೊದಲು ಅವಳೆದುರು ನಿಂತು ನನ್ನ ಕಿವಿ ಕಾಣುತ್ತಾ ಎಂದು ಕೇಳುವುದೂ ಒಂದು ಅಭ್ಯಾಸವಾಗಿದೆ. ಎರಡೂ ಕಾಣುತ್ತೆ, ತೊಳೆದುಕೋ ಅನ್ನುತ್ತಾಳೆ. ಅದಾದ ಮೇಲೆಯೇ ನಾನು ಬೀಗ ಹಾಕುವುದು.

ಮೊನ್ನೆ ಕೇಳಲು ಮರೆತು, ಬಸ್ ಸ್ಟಾಪಿಗೆ ಬಂದ ಮೇಲೆ ಕೇಳಿದೆ. ಒಳ್ಳೆ ಬೆಳಕಿತ್ತು.

"ಕಾಣುತ್ತೆ. ಎಡಗಡೇದು" ಅಂದಳು.

"ಬಲಗಡೇದು?"

"ಬಸ್ಸು ಬಂತು, ಹತ್ತು" ಅಂದಳು.

ರಸ್ತೆ ಖಾಲಿಯಿತ್ತು, ಬಸ್ಸಿನ ಸುಳಿವೇ ಇರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು. ಹದಿನಾಲ್ಕು ಹೊಲಿಗೆ ಹಾಕುವಾಗ ಒಮ್ಮೆಯೂ ಅಲುಗದ ಆ ಕೈ ನಡುಗುತ್ತಿತ್ತು.